ಎರಡು ಇಂಟರ್‌ನೆಟ್ ಲೈನ್, ಒಂದು ಹಳೇ ಸಿಸ್ಕೋ ಸ್ವಿಚ್: ಮಾವನ ಅಂಗಡಿಯಲ್ಲಿ ಆರು ತಿಂಗಳು

ಇದು ಹೊಸ ಮಾಲಲ್ಲ, ಮೊದಲೇ ಹೇಳಿಬಿಡುತ್ತೇನೆ. ಸಿಸ್ಕೋ ಕ್ಯಾಟಲಿಸ್ಟ್ 3560ಜಿ ಸ್ವಿಚ್ (ಕಂಪ್ಯೂಟರ್, ಕ್ಯಾಮೆರಾಗಳನ್ನೆಲ್ಲ ಕೇಬಲ್ ಹಾಕಿ ಒಂದಕ್ಕೊಂದು ಜೋಡಿಸುವ ಡಬ್ಬಿ), 24 ಗಿಗಾಬಿಟ್ ಪೋರ್ಟ್, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ತಂದಿದ್ದು. ಕಂಪನಿ ಇದನ್ನು ಮಾರುವುದು ನಿಲ್ಲಿಸಿ ಎಷ್ಟೋ ವರ್ಷ ಆಯ್ತು, ಅಪ್‌ಡೇಟೂ ಬರುವುದಿಲ್ಲ. ಹಾಗಾಗಿ ಇದನ್ನು ನೇರ ಇಂಟರ್‌ನೆಟ್‌ಗೆ ಒಡ್ಡಬೇಡಿ, ರೂಟರ್ ಹಿಂದೆ ಇಡಿ.

ನಮ್ಮ ಕಥೆ ಹೀಗಿದೆ. ದಾವಣಗೆರೆ ಮಂಡಿಪೇಟೆಯಲ್ಲಿ ಮಾವನ ಬಟ್ಟೆ ಅಂಗಡಿ, ಮೇಲಿನ ಮಹಡಿಯಲ್ಲಿ ಅವರ ಮಗಳ ಅಕೌಂಟ್ಸ್ ಆಫೀಸು. ಅಂಗಡಿ ತುಂಬ ಕ್ಯಾಮೆರಾ, ಎಲ್ಲವೂ ಹಗಲೂ ರಾತ್ರಿ ಕ್ಲೌಡ್‌ಗೆ ವಿಡಿಯೊ ಕಳಿಸುತ್ತಿರುತ್ತವೆ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಎರಡೂ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೇ ದಿನ. ಆ ದಿನಗಳಲ್ಲಿ ಪೋರ್ಟಲ್ ಮೊದಲೇ ನಿಧಾನ, ಅದರ ಮೇಲೆ ಕ್ಯಾಮೆರಾಗಳು ಲೈನನ್ನೆಲ್ಲ ಕುಡಿದುಬಿಟ್ಟರೆ ಮೇಲಿಂದ ಕೂಗು ಶುರು. ಮಾವ ಬೇಜಾರಾಗಿ ಇನ್ನೊಂದು ಕಂಪನಿಯ ಲೈನೂ ಹಾಕಿಸಿದರು. ಏನೂ ಬದಲಾಗಲಿಲ್ಲ, ಯಾಕಂದ್ರೆ ಡಿಫಾಲ್ಟ್ ರೂಟ್ (ಹೊರಗೆ ಹೋಗುವ ಎಂದಿನ ದಾರಿ) ಒಂದೇ, ಎಲ್ಲರೂ ಹಳೇ ಲೈನಲ್ಲೇ ಹೋಗುತ್ತಿದ್ದರು. ಎರಡನೇ ಲೈನ್ ಸುಮ್ನೆ ಬಿಲ್ ತಿನ್ನುತ್ತಾ ಕೂತಿತ್ತು.

ಇಲ್ಲೇ ಪಾಲಿಸಿ ರೂಟಿಂಗ್ ಬೇಕಾಗುವುದು. ಸಾಮಾನ್ಯ ರೂಟಿಂಗ್, ಪ್ಯಾಕೆಟ್ (ಡೇಟಾದ ಒಂದು ತುಂಡು) ಯಾವ ಊರಿಗೆ ಹೋಗಬೇಕು ಅಂತ ಮಾತ್ರ ನೋಡುತ್ತದೆ. ಪಾಲಿಸಿ ರೂಟಿಂಗ್ ಮಾತ್ರ ‘ನೀನು ಯಾರ ಕಡೆಯವನಪ್ಪಾ’ ಅಂತ ಮೊದಲು ಕೇಳುತ್ತದೆ. ಕ್ಯಾಮೆರಾ ಕಡೆಯವನಾದರೆ ಎರಡನೇ ಲೈನಿಗೆ ನಡಿ, ಉಳಿದವರು ಎಂದಿನ ದಾರಿ.

ಸೆಟಪ್ ನಾಲ್ಕೇ ಹೆಜ್ಜೆ, ಆದರೆ ಪ್ರತಿ ಹೆಜ್ಜೆಯಲ್ಲೂ ಒಂದು ಕಲ್ಲಿದೆ. ತರುವ ಮೊದಲೇ ‘ಶೋ ವರ್ಷನ್’ ಕಮಾಂಡ್ ಹಾಕಿಸಿ ನೋಡಿ, ಸಾಫ್ಟ್‌ವೇರ್ ಫೈಲಿನ ಹೆಸರಲ್ಲಿ ಐಪಿ ಸರ್ವಿಸಸ್ ಅಂತ ಇದ್ದರೆ ನಿಶ್ಚಿಂತೆ, ಪಾಲಿಸಿ ರೂಟಿಂಗ್ ಇದೆ ಅಂತ ಅರ್ಥ. ಆಮೇಲೆ ‘ಎಸ್‌ಡಿಎಂ ಪ್ರಿಫರ್ ರೂಟಿಂಗ್’ ಕೊಟ್ಟು ಸ್ವಿಚ್ಚನ್ನು ರೀಲೋಡ್ ಮಾಡಲೇಬೇಕು. ಇದು ಸ್ವಿಚ್ಚಿನೊಳಗಿನ ಮೆಮೊರಿಯನ್ನು ರೂಟಿಂಗ್ ಕೆಲಸಕ್ಕೆ ಹಂಚಿಕೊಡುವ ಟೆಂಪ್ಲೇಟ್. ನಾನು ಅದನ್ನು ಬಿಟ್ಟು ಪಾಲಿಸಿ ಹಾಕಿದೆ. ಕಮಾಂಡ್ ಹೋಯಿತು ಅಂದುಕೊಂಡೆ, ಕಾನ್ಫಿಗ್ (ಸ್ವಿಚ್ಚಿನ ಸೆಟ್ಟಿಂಗ್ ಪಟ್ಟಿ) ತೆಗೆದು ನೋಡಿದರೆ ಆ ಸಾಲೇ ಇಲ್ಲ! ಲಾಗ್‌ನಲ್ಲಿ ಒಂದು ಸಾಲು ಗೊಣಗಿತ್ತು, ನಾನು ಓದಿರಲಿಲ್ಲ.

ಮುಂದಿನದು ಸಲೀಸು. ಕ್ಯಾಮೆರಾಗಳಿಗೆ ಬೇರೆ ವಿಎಲ್ಯಾನ್ (ಅದೇ ಸ್ವಿಚ್ಚಿನೊಳಗೆ ಒಂದು ಪ್ರತ್ಯೇಕ ನೆಟ್‌ವರ್ಕ್), ಅವುಗಳ ಐಪಿ ವಿಳಾಸ ಹಿಡಿಯುವ ಒಂದು ಆಕ್ಸೆಸ್ ಲಿಸ್ಟ್, ಅದನ್ನು ಮ್ಯಾಚ್ ಮಾಡಿ ದಾರಿ ಹೇಳುವ ರೂಟ್ ಮ್ಯಾಪ್, ಅದರಲ್ಲಿ ನೆಕ್ಸ್ಟ್ ಹಾಪ್ (ಮುಂದಿನ ನಿಲ್ದಾಣ) ಅಂತ ಎರಡನೇ ರೂಟರ್‌ನ ವಿಳಾಸ. ಈ ರೂಟ್ ಮ್ಯಾಪನ್ನು ಪ್ಯಾಕೆಟ್ ಒಳಗೆ ಬರುವ ಬಾಗಿಲಿಗೆ, ಅಂದರೆ ಕ್ಯಾಮೆರಾ ವಿಎಲ್ಯಾನ್ ಇಂಟರ್‌ಫೇಸ್‌ಗೆ ಹಾಕಬೇಕು. ರೂಟರ್ ಕಡೆ ಹಾಕಿ ‘ಯಾಕೋ ಆಗ್ತಿಲ್ಲ’ ಅಂತ ತಲೆ ಕೆರೆದುಕೊಳ್ಳುವವರು ಜಾಸ್ತಿ. ಇನ್ನೊಂದು, ಈ ಸ್ವಿಚ್ ನ್ಯಾಟ್ (ಒಳಗಿನ ವಿಳಾಸವನ್ನು ಹೊರಗಿನ ವಿಳಾಸಕ್ಕೆ ಬದಲಿಸುವ ಕೆಲಸ) ಮಾಡುವುದಿಲ್ಲ, ಅದು ರೂಟರ್‌ಗಳದೇ ಕೆಲಸ. ಹಾಗಾಗಿ ಎರಡನೇ ರೂಟರ್‌ಗೆ ಕ್ಯಾಮೆರಾ ವಿಳಾಸಗಳು ಸ್ವಿಚ್ ಹಿಂದೆ ಇವೆ ಅಂತ ಒಂದು ಸ್ಟ್ಯಾಟಿಕ್ ರೂಟ್ ಬರೆದು ಕೊಡಬೇಕು, ಇಲ್ಲಾಂದ್ರೆ ಹೋದ ಮಾತಿಗೆ ಉತ್ತರ ವಾಪಸ್ ಬರುವುದಿಲ್ಲ.

ಎಲ್ಲ ಆಯ್ತು ಅಂತ ಹೊರಗೆ ಹೋಗಿ ಒಂದು ಬೆಣ್ಣೆ ದೋಸೆ ತಿಂದು ಬರುವಷ್ಟರಲ್ಲಿ ಮಾವನ ಫೋನು: ‘ಏನೋ, ಗಲ್ಲಾದ ಹತ್ರ ಕ್ಯಾಮೆರಾನೇ ಕಾಣಂಗಿಲ್ಲ?’ ತಪ್ಪು ನನ್ನದೇ. ಲಿಸ್ಟಲ್ಲಿ ‘ಕ್ಯಾಮೆರಾದಿಂದ ಎಲ್ಲಿಗಾದರೂ’ ಅಂತ ಬರೆದಿದ್ದೆ. ಪಕ್ಕದ ವಿಎಲ್ಯಾನ್‌ನಲ್ಲಿದ್ದ ಗಲ್ಲಾದ ಕಂಪ್ಯೂಟರ್‌ಗೆ ಹೋಗಬೇಕಾದ ಚಿತ್ರವೂ ಎರಡನೇ ರೂಟರ್‌ಗೆ ಓಡಿತ್ತು. ಬೇರೆ ಕಡೆಯಾದರೆ ಲಿಸ್ಟಿನ ಮೇಲೊಂದು ಡಿನೈ (‘ಇದನ್ನು ಬಿಡು’) ಸಾಲು ಹಾಕಿ ಮುಗಿಸಬಹುದು. ಆದರೆ ಈ ಸರಣಿಯ ಸಿಸ್ಕೋ ಗೈಡ್ ಅದನ್ನೇ ಬೇಡ ಅನ್ನುತ್ತದೆ: ಡಿನೈಗೆ ಸಿಕ್ಕ ಪ್ಯಾಕೆಟ್‌ಗಳು ಹಾರ್ಡ್‌ವೇರ್ ಬಿಟ್ಟು ಸಿಪಿಯುಗೆ ಹೋಗುತ್ತವೆ. ಅಷ್ಟೊಂದು ವಿಡಿಯೊ ಆ ಹಳೇ ಸಿಪಿಯು ಮೇಲೆ ಬಿದ್ದರೆ ಅದರ ಗತಿ ಏನು? ಕೊನೆಗೆ ಕ್ಯಾಮೆರಾ ನೋಡುವ ಕಂಪ್ಯೂಟರನ್ನೇ ಕ್ಯಾಮೆರಾ ವಿಎಲ್ಯಾನ್‌ಗೆ ಸೇರಿಸಿದೆ. ಒಂದೇ ವಿಎಲ್ಯಾನ್ ಒಳಗಿನ ಮಾತು ರೂಟಿಂಗ್ ತನಕ ಬರುವುದೇ ಇಲ್ಲ, ತಕರಾರೂ ಇಲ್ಲ.

ನನಗೆ ಈಗಲೂ ಕೊರತೆ ಅನ್ನಿಸುವುದು ಒಂದೇ. ಎರಡನೇ ಲೈನ್ ಹೊರಗೆಲ್ಲೋ ಕಟ್ ಆದರೆ ಸ್ವಿಚ್‌ಗೆ ಗೊತ್ತೇ ಆಗುವುದಿಲ್ಲ. ಪಕ್ಕದಲ್ಲೇ ರೂಟರ್ ಲೈಟ್ ಉರಿಯುತ್ತಿದೆಯಲ್ಲ, ಅಷ್ಟು ಸಾಕು ಅದಕ್ಕೆ, ಕಳಿಸುತ್ತಲೇ ಇರುತ್ತದೆ. ರೂಟರ್ ಪೂರ್ತಿ ಆಫ್ ಆದರೆ ಮಾತ್ರ ಎಂದಿನ ದಾರಿಗೆ ಬರುತ್ತದೆ. ಅದಕ್ಕೇ ಆ ರೂಟರ್‌ನ ಪೋರ್ಟನ್ನು ‘ನೋ ಸ್ವಿಚ್‌ಪೋರ್ಟ್’ (ಯಾವ ವಿಎಲ್ಯಾನ್‌ಗೂ ಸೇರದ, ನೇರ ರೂಟಿಂಗ್ ಪೋರ್ಟ್) ಮಾಡಿಟ್ಟಿದ್ದೇನೆ, ಕರೆಂಟ್ ತೆಗೆದ ತಕ್ಷಣ ಲಿಂಕ್ ಡೌನ್. ಅಂಗಡಿ ಹುಡುಗನಿಗೂ ಹೇಳಿಕೊಟ್ಟಾಗಿದೆ, ಮೊಬೈಲಲ್ಲಿ ಕ್ಯಾಮೆರಾ ಬರದಿದ್ದರೆ ಬಿಳಿ ರೂಟರ್ ಪ್ಲಗ್ ಕಿತ್ತುಬಿಡು ಅಂತ. ನಾಚಿಕೆಗೇಡಿನ ಉಪಾಯ, ಆದರೆ ನಡೆಯುತ್ತದೆ.

ಸದ್ದು? ಜೋರು. ಇದು ಸರ್ವರ್ ರೂಮಿನ ಸಾಮಾನು, ನಾವು ಗಲ್ಲಾ ಕೆಳಗೆ ಇಟ್ಟಿದ್ದು ನಮ್ಮ ಬುದ್ಧಿ. ಮಾವ ಮೊದಲ ದಿನವೇ ಅಂದರು, ‘ಊರಾಗಿನ ಹತ್ತಿ ಮಿಲ್ ಮುಚ್ಚಿ ಎಷ್ಟ್ ವರ್ಷ ಆತು, ನೀನು ಅಂಗಡಿಯಾಗ ಇನ್ನೊಂದು ಶುರು ಮಾಡಿದ್ಯಲ್ಲೋ.’ ಈಗ ಅದು ಮೆಟ್ಟಿಲ ಕೆಳಗಿದೆ.

ಕಳೆದ ಮೂರು 20ನೇ ತಾರೀಖು ಮೇಲಿಂದ ಕೂಗು ಬಂದಿಲ್ಲ. ಒಂದೇ ಲೈನ್ ಇರುವವರಿಗೆ ಇದು ದಂಡ. ಎರಡು ಲೈನ್ ಇದ್ದು, ಕಮಾಂಡ್ ಲೈನ್‌ಗೆ ಹೆದರದವರಾದರೆ ತಗೊಳ್ಳಿ, ಐದಕ್ಕೆ ನಾಲ್ಕು ಕೊಡುತ್ತೇನೆ. ಪರೀಕ್ಷೆ ಮಾಡುವಾಗ ರೂಟ್ ಮ್ಯಾಪ್ ಕೌಂಟರ್ ನಂಬಬೇಡಿ, ಹಾರ್ಡ್‌ವೇರ್‌ನಲ್ಲೇ ಹೋದದ್ದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆ ವಿಎಲ್ಯಾನ್‌ಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಟ್ರೇಸರ್ಟ್ (ಪ್ಯಾಕೆಟ್ ಹೋಗುವ ದಾರಿ ತೋರಿಸುವ ಕಮಾಂಡ್) ಹಾಕಿ, ಎರಡನೇ ಸಾಲಲ್ಲಿ ಯಾವ ರೂಟರ್ ಬರುತ್ತದೆ ನೋಡಿ. ಮತ್ತೆ, ಕಾನ್ಫಿಗ್ ಸೇವ್ ಮಾಡಿ. ನಾನು ಮಾಡಿರಲಿಲ್ಲ, ಆ ರಾತ್ರಿಯೇ ಕರೆಂಟ್ ಹೋಯಿತು.