ಕೆಟ್ಟ ಪೆನ್‌ಡ್ರೈವಿನಿಂದ ಅಜ್ಜಿಯ ಪದಗಳು: ಯಾವ ದಾರಿಯಲ್ಲಿ ಎಷ್ಟು ಸಿಕ್ಕಿತು

ನಮ್ಮಜ್ಜಿ ಹಾಡಿದ 41 ಸೋಬಾನೆ ಪದಗಳು ಒಂದು 16 ಜಿಬಿ ಪೆನ್‌ಡ್ರೈವಿನಲ್ಲಿದ್ದವು. ಅಜ್ಜಿ ಈಗಿಲ್ಲ. ಬೇರೆ ಕಾಪಿಯೂ ಇರಲಿಲ್ಲ. ಪದಗಳನ್ನು ಟೈಪ್ ಮಾಡಿಟ್ಟ ನುಡಿ ಫೈಲುಗಳು, ಅಕ್ಕನ ಮದುವೆ ಫೋಟೋಗಳು ಎಲ್ಲಾ ಅದರಲ್ಲೇ. ಒಂದು ಸಂಜೆ ಝೆರಾಕ್ಸ್ ಅಂಗಡಿಯಲ್ಲಿ ಎರಡು ಹಾಳೆ ಪ್ರಿಂಟ್ ತೆಗೆಸಿಕೊಂಡು ಮನೆಗೆ ಬಂದು ಲ್ಯಾಪ್‌ಟಾಪಿಗೆ ಹಾಕಿದರೆ, ಬಳಸುವ ಮೊದಲು ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು ಅಂತ ವಿಂಡೋಸ್ ಕೇಳಿತು.

ನಾನು ಕ್ಯಾನ್ಸಲ್ ಒತ್ತಿದೆ. ನಿಮಗೂ ಈ ಪ್ರಶ್ನೆ ಬಂದರೆ ದಯವಿಟ್ಟು ಅದನ್ನೇ ಒತ್ತಿ.

ಆಮೇಲೆ ಎರಡು ವಾರ ಸಿಕ್ಕ ಸಿಕ್ಕ ದಾರಿಯನ್ನೆಲ್ಲ ಪ್ರಯತ್ನಿಸಿದೆ. ಆದರೆ ಯಾವುದನ್ನೂ ಆ ಪೆನ್‌ಡ್ರೈವಿನ ಮೇಲೆ ನೇರವಾಗಿ ಓಡಿಸಲಿಲ್ಲ. ಮೊದಲು ಅದರ ಪೂರ್ತಿ ಪಡಿಯಚ್ಚು, ಅಂದರೆ ಡ್ರೈವಿನಲ್ಲಿದ್ದದ್ದನ್ನೆಲ್ಲ ಇದ್ದ ಹಾಗೇ ಎತ್ತಿಕೊಂಡ ಒಂದು ಫೈಲು, ತೆಗೆದುಕೊಂಡೆ. ಹೀಗಾಗಿ ಎಲ್ಲಾ ಸಾಫ್ಟ್‌ವೇರಿಗೂ ಒಂದೇ ಪರೀಕ್ಷೆ, ಒಂದೇ ಪ್ರಶ್ನೆಪತ್ರಿಕೆ ಕೊಟ್ಟ ಹಾಗಾಯಿತು. ಹಾಗಾಗಿ ಹೋಲಿಸಿ ಹೇಳುವ ಧೈರ್ಯ ಮಾಡುತ್ತಿದ್ದೇನೆ.

ಪಡಿಯಚ್ಚು ತೆಗೆದದ್ದು ಲಿನಕ್ಸಿನಲ್ಲಿ ಓಡುವ ಡಿಡಿರೆಸ್ಕ್ಯೂ ಅನ್ನೋ ಸಾಫ್ಟ್‌ವೇರಿನಿಂದ. ಉಬುಂಟು (ಲಿನಕ್ಸಿನ ಒಂದು ಬಗೆ) ಹಾಕಿದ ಇನ್ನೊಂದು ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪ್ ಬೂಟ್ ಮಾಡಿದರೆ ಸಾಕು, ಲ್ಯಾಪ್‌ಟಾಪಿಗೆ ಉಬುಂಟು ಇನ್‌ಸ್ಟಾಲ್ ಮಾಡಬೇಕಿಲ್ಲ; ಡಿಡಿರೆಸ್ಕ್ಯೂ ಒಂದನ್ನು ಮಾತ್ರ ಅಲ್ಲೇ ಹಾಕಿಕೊಳ್ಳಬೇಕು. ಮಾಮೂಲಿ ಕಾಪಿ ಕೆಟ್ಟ ಜಾಗ ಬಂದ ಕೂಡಲೇ ಅಲ್ಲೇ ಒದ್ದಾಡಿ ನಿಂತುಬಿಡುತ್ತದೆ. ಡಿಡಿರೆಸ್ಕ್ಯೂ ಹಾಗಲ್ಲ. ಓದಲು ಬರುವ ಜಾಗವನ್ನೆಲ್ಲ ಮೊದಲು ಬೇಗ ಬೇಗ ಎತ್ತಿಕೊಂಡು, ಕೆಟ್ಟದ್ದನ್ನು ಬಿಟ್ಟು ಮುಂದೆ ಹೋಗಿ, ಕೊನೆಗೆ ಮತ್ತೆ ಬಂದು ಆ ಕೆಟ್ಟ ಜಾಗಗಳನ್ನು ಒಂದೊಂದಾಗಿ ಕೆದಕುತ್ತದೆ. ಎಲ್ಲಿವರೆಗೆ ಬಂದೆ ಅನ್ನೋದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ನನ್ನ ಪೆನ್‌ಡ್ರೈವ್ ಕೈ ಸುಡುವಷ್ಟು ಬಿಸಿಯಾಗುತ್ತಿತ್ತು. ಕಿತ್ತು, ತಣ್ಣಗಾಗಲು ಬಿಟ್ಟು, ಮತ್ತೆ ಹಾಕಿ, ನಿಂತಲ್ಲಿಂದಲೇ ಮುಂದುವರಿಸಿದೆ. ಒಂದು ರಾತ್ರಿ ಮತ್ತು ಮರುದಿನ ಮಧ್ಯಾಹ್ನದವರೆಗೆ ಹಿಡಿಯಿತು. ಎಚ್ಚರ ಬೇಕಾದ್ದು ಒಂದೇ ಕಡೆ: ಯಾವ ಡಿಸ್ಕಿನಿಂದ ಯಾವ ಕಡೆಗೆ ಅನ್ನೋದನ್ನು ಅದಲುಬದಲು ಕೊಟ್ಟರೆ ಇದ್ದದ್ದೂ ಹೋಗುತ್ತದೆ. ಡಿಸ್ಕಿನ ಗಾತ್ರ ನೋಡಿ ಎರಡೆರಡು ಸಲ ಖಚಿತಪಡಿಸಿಕೊಳ್ಳಿ.

ಆ ಪಡಿಯಚ್ಚನ್ನು ಒಂದು ಹೊಸ 32 ಜಿಬಿ ಪೆನ್‌ಡ್ರೈವಿಗೆ ಬರೆದು ಪರೀಕ್ಷೆ ಶುರು ಮಾಡಿದೆ.

ಮೊದಲು ರೆಕುವಾ, ಅಳಿಸಿದ ಫೈಲು ವಾಪಸ್ ತರುವ ವಿಂಡೋಸ್ ಸಾಫ್ಟ್‌ವೇರ್. ಬಹಳ ಜನ ಹೇಳೋದು ಇದನ್ನೇ, ಬಳಸೋದೂ ಸುಲಭ. ಆದರೆ ಫೈಲ್ ಸಿಸ್ಟಂ (ಯಾವ ಫೈಲು ಡ್ರೈವಿನಲ್ಲಿ ಎಲ್ಲಿದೆ ಅನ್ನೋ ಲೆಕ್ಕ ಇಡುವ ವ್ಯವಸ್ಥೆ) ಯಾವುದೆಂದು ಗೊತ್ತಾಗುತ್ತಿಲ್ಲ ಅಂದು ಕೈಚೆಲ್ಲಿತು. ಡಿಸ್ಕಿನ ತಪ್ಪು ಹುಡುಕಿ ಸರಿಪಡಿಸುವ, ವಿಂಡೋಸಿನದೇ ಚೆಕ್‌ಡಿಸ್ಕ್ ಕೂಡ ಅಷ್ಟೇ. ಡ್ರೈವ್ 'ರಾ' (RAW, ಅಂದರೆ ಫೈಲ್ ಸಿಸ್ಟಂ ಗುರುತು ಸಿಗದ ಸ್ಥಿತಿ) ಅಂತ ಕಾಣುತ್ತಿರುವಾಗ ಅದು ಕೆಲಸ ಮಾಡುವುದೇ ಇಲ್ಲ. ನೀವು ತಪ್ಪಿ ಅಳಿಸಿದ ಫೈಲು, ಚೆನ್ನಾಗಿರುವ ಡ್ರೈವು ಅಂದರೆ ರೆಕುವಾ ಒಳ್ಳೆಯದೇ. ನನ್ನ ಕೇಸ್ ಅದಾಗಿರಲಿಲ್ಲ.

ಆಮೇಲೆ ಫೋಟೋರೆಕ್. ಹೆಸರು ನೋಡಿ ಫೋಟೋಗೆ ಮಾತ್ರ ಅಂದುಕೊಳ್ಳಬೇಡಿ, ಹಾಡು, ಡಾಕ್ಯುಮೆಂಟ್ ಎಲ್ಲವನ್ನೂ ಹುಡುಕುತ್ತದೆ. ಪೂರ್ತಿ ಉಚಿತ. ಫೈಲ್ ಸಿಸ್ಟಂ ಏನಾಗಿದೆ ಅಂತ ನೋಡುವುದೇ ಇಲ್ಲ. ಪ್ರತಿ ಬಗೆಯ ಫೈಲಿನ ತಲೆಭಾಗಕ್ಕೆ ಒಂದು ಗುರುತಿರುತ್ತದಲ್ಲ, ಅದನ್ನು ಹುಡುಕಿಕೊಂಡು ಡ್ರೈವಿನ ಈ ತುದಿಯಿಂದ ಆ ತುದಿಗೆ ಜಾಲಾಡುತ್ತದೆ. ಫೋಟೋಗಳ ಮಟ್ಟಿಗೆ ಇದು ತುಂಬಾ ಚೆನ್ನಾಗಿ ಕೆಲಸ ಮಾಡಿತು. ನಾನು ಯಾವಾಗಲೋ ಅಳಿಸಿದ್ದ ಚಿತ್ರಗಳೂ ಬಂದವು. ಆದರೆ ಹಾಡುಗಳು 41ರಲ್ಲಿ 29 ಮಾತ್ರ ಪೂರ್ತಿ ಕೇಳಿಸಿದವು. ಕೆಲವು ಅರ್ಧಕ್ಕೆ ನಿಂತವು. ಕಾರಣ ಇಷ್ಟೆ: ಒಂದು ಫೈಲು ಡ್ರೈವಿನಲ್ಲಿ ಒಂದೇ ಕಡೆ ಸಾಲಾಗಿ ಕೂತಿದ್ದರೆ ಫೋಟೋರೆಕ್‌ಗೆ ಸುಲಭ, ತುಂಡು ತುಂಡಾಗಿ ಅಲ್ಲಲ್ಲಿ ಕೂತಿದ್ದರೆ ಕಷ್ಟ. ನಾನು ಹಾಡುಗಳನ್ನು ಕತ್ತರಿಸಿ, ಅಳಿಸಿ, ಮತ್ತೆ ಹಾಕಿದ್ದು ಬಹಳ ಸಲ. ಇನ್ನೊಂದು ತೊಂದರೆ ಅಂದರೆ ಹೆಸರುಗಳು. ಒಂದಕ್ಕೂ ಮೊದಲಿನ ಹೆಸರಿಲ್ಲ. ಬರೀ ಒಂದಕ್ಷರ, ಮುಂದೆ ಉದ್ದದ ಸಂಖ್ಯೆ.

ಇಲ್ಲಿ ನುಡಿ, ಬರಹ ಬಳಸುವವರಿಗೆ ಒಂದು ಮಾತು ಹೇಳಲೇಬೇಕು. ಹೆಸರು ಹೋದ ನೂರಾರು ವರ್ಡ್ ಫೈಲುಗಳಲ್ಲಿ ನಮ್ಮದು ಯಾವುದು ಅಂತ ತಿಳಿಯಲು ಒಳಗಿನ ಪದ ಕೊಟ್ಟು ಹುಡುಕುತ್ತೇವೆ, ಅಲ್ವಾ? ನಾನು 'ಸೋಬಾನೆ' ಅಂತ ಯೂನಿಕೋಡಿನಲ್ಲಿ, ಅಂದರೆ ಈಗ ಮೊಬೈಲು, ಇಂಟರ್ನೆಟ್ಟಿನಲ್ಲಿ ಬಳಸುವ ಕನ್ನಡದಲ್ಲಿ, ಟೈಪ್ ಮಾಡಿ ಹುಡುಕಿದೆ. ಒಂದೂ ಸಿಗಲಿಲ್ಲ. ನನ್ನ ಫೈಲುಗಳೆಲ್ಲ ಹಳೆಯ ಆಸ್ಕಿ ನುಡಿಯಲ್ಲಿದ್ದವು. ಫಾಂಟ್ ಕಣ್ಣಿಗೆ ಕನ್ನಡ ತೋರಿಸುತ್ತದೆ, ಆದರೆ ಫೈಲಿನೊಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಕಂಪ್ಯೂಟರಿಗೆ ಅಲ್ಲಿ ಕನ್ನಡವೇ ಇಲ್ಲ. ಕೊನೆಗೆ ನುಡಿಯಲ್ಲೇ ಆ ಪದ ಟೈಪ್ ಮಾಡಿ, ಅದನ್ನು ಕಾಪಿ ಮಾಡಿ ಹುಡುಕಾಟದ ಜಾಗದಲ್ಲಿ ಹಾಕಿದೆ. ಅಲ್ಲಿ ಅದು ಅರ್ಥವಿಲ್ಲದ ಅಕ್ಷರಗಳಾಗಿ ಕಂಡಿತು, ಆದರೆ ಫೈಲ್ ಸಿಕ್ಕಿತು. ಈ ಒಂದು ಉಪಾಯಕ್ಕೆ ನನಗೆ ಎರಡು ದಿನ ಬೇಕಾಯಿತು.

ನಿಜವಾದ ತಿರುವು ಟೆಸ್ಟ್‌ಡಿಸ್ಕ್‌ನಿಂದ. ಫೋಟೋರೆಕ್ ಮಾಡಿದವರದ್ದೇ, ಅದರ ಜೊತೆಯಲ್ಲೇ ಬರುತ್ತದೆ. ಕಪ್ಪು ಪರದೆ, ಮೌಸ್ ಇಲ್ಲ, ಬಾಣದ ಕೀಲಿಗಳಲ್ಲೇ ಓಡಾಡಬೇಕು. ನೋಡಿ ಹೆದರಿದ್ದೆ. ಆದರೆ ಫ್ಯಾಟ್32 (ಪೆನ್‌ಡ್ರೈವುಗಳಲ್ಲಿ ಸಾಮಾನ್ಯವಾದ ಒಂದು ಫೈಲ್ ಸಿಸ್ಟಂ) ಡ್ರೈವಿನಲ್ಲಿ ಬೂಟ್ ಸೆಕ್ಟರಿನ, ಅಂದರೆ ಫೈಲ್ ಸಿಸ್ಟಂನ ವಿವರ ಬರೆದಿಟ್ಟ ಮೊದಲ ತುಣುಕಿನ, ಒಂದು ನಕಲು ಸ್ವಲ್ಪ ಮುಂದೆ, ಸಾಮಾನ್ಯವಾಗಿ 6ನೇ ಸೆಕ್ಟರಿನಲ್ಲಿ, ಇದ್ದೇ ಇರುತ್ತದೆ. ನನ್ನ ಡ್ರೈವಿನಲ್ಲಿ ಮೊದಲಿನದು ಕೆಟ್ಟಿತ್ತು, ನಕಲು ಚೆನ್ನಾಗಿತ್ತು. ಟೆಸ್ಟ್‌ಡಿಸ್ಕ್ ಅದನ್ನು ತೋರಿಸಿ, ನಕಲನ್ನು ಮೂಲದ ಜಾಗಕ್ಕೆ ಹಾಕಲೇ ಅಂತ ಕೇಳಿತು. ಹೂಂ ಅಂದೆ. ಕಿತ್ತು ಮತ್ತೆ ಹಾಕಿದರೆ ಫೋಲ್ಡರುಗಳು ಅವವೇ ಹೆಸರಿನಲ್ಲಿ ತೆರೆದುಕೊಂಡವು. 'ಮದುವೆ ಪದ' ಫೋಲ್ಡರಿನ 27ರಲ್ಲಿ 26 ಹಾಡುಗಳು ಅಜ್ಜಿಯ ದನಿಯಲ್ಲಿ, ಮೊದಲಿನಿಂದ ಕೊನೆವರೆಗೆ. ಮನೆಯವರೆಲ್ಲ ಕೂತು ಕೇಳಿದೆವು.

ಎರಡನೇ ಫೋಲ್ಡರ್ 'ಒಸಗೆ ಪದ' ತೆರೆಯಲಿಲ್ಲ. 14 ಹಾಡು ಅದರಲ್ಲಿದ್ದವು. ಆ ಫೋಲ್ಡರಿನ ಪಟ್ಟಿ ಇದ್ದ ಜಾಗವೇ ಕೆಟ್ಟಿತ್ತು. ಈಗ ಬೂಟ್ ಸೆಕ್ಟರ್ ಸರಿಯಾಗಿತ್ತಲ್ಲ, ಅದೇ ಕಾಪಿಯ ಮೇಲೆ ಚೆಕ್‌ಡಿಸ್ಕ್ ಮತ್ತೆ ಓಡಿಸಿದೆ. ಸಂಬಂಧ ಕಳೆದುಕೊಂಡ ತುಂಡುಗಳನ್ನು ಫೈಲ್ ಮಾಡಲೇ ಅಂತ ಅದು ಕೇಳುತ್ತದೆ. ಹೌದು ಅಂತಲೇ ಹೇಳಬೇಕು. ಬೇಡ ಅಂದರೆ ಆ ಜಾಗವನ್ನು ಖಾಲಿ ಎಂದು ಬರೆದುಬಿಡುತ್ತದೆ. 'ಫೌಂಡ್' ಅನ್ನೋ ಫೋಲ್ಡರಿನಲ್ಲಿ ಸಾಲು ಸಾಲು ಫೈಲುಗಳು ಬಂದವು. ಕೊನೆಯ ಮೂರಕ್ಷರ ಬದಲಿಸಿ ಎಂಪಿ3 ಅಂತ ಮಾಡಿದರೆ 14ರಲ್ಲಿ 12 ಪೂರ್ತಿ ಹಾಡಿದವು. ಇದೇ ಹಾಡುಗಳಲ್ಲಿ ಫೋಟೋರೆಕ್ ಪೂರ್ತಿ ಕೊಟ್ಟಿದ್ದು 9. ಯಾಕೆಂದರೆ ಫೈಲಿನ ಯಾವ ತುಂಡಿನ ನಂತರ ಯಾವುದು ಅನ್ನೋ ಕೊಂಡಿ ಪಟ್ಟಿ ಹಾಳಾಗಿರಲಿಲ್ಲ, ಚೆಕ್‌ಡಿಸ್ಕ್ ಅದನ್ನು ಹಿಡಿದುಕೊಂಡೇ ಹೋಗುತ್ತದೆ.

ಆದರೆ ಇದನ್ನು ಓದಿ ಯಾರೂ ಮೂಲ ಪೆನ್‌ಡ್ರೈವಿನ ಮೇಲೆ ಚೆಕ್‌ಡಿಸ್ಕ್ ಓಡಿಸಬೇಡಿ. ಅದು ಡ್ರೈವಿನ ಮೇಲೆ ಬರೆಯುತ್ತದೆ. ನನ್ನದು ಕಾಪಿ, ಕೆಟ್ಟರೆ ಪಡಿಯಚ್ಚಿನಿಂದ ಇನ್ನೊಂದು ಬರೆಯುತ್ತಿದ್ದೆ. ಕಾಪಿಯ ಮೇಲೆ ಅದು ಒಳ್ಳೆಯ ಉಪಕರಣ, ಮೂಲದ ಮೇಲೆ ಅಪಾಯ. ಟೆಸ್ಟ್‌ಡಿಸ್ಕಿನ ರಿಪೇರಿಗೂ ಇದೇ ಮಾತು.

ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣುತ್ತಿದ್ದರೆ ಇದ್ಯಾವುದೂ ಬೇಡ. ಅದು ವೈರಸ್ ಕೆಲಸ, ಬಹಳಷ್ಟು ಸಲ ಫೈಲುಗಳು ಅಡಗಿರುತ್ತವೆ ಅಷ್ಟೆ. ಆ ಶಾರ್ಟ್‌ಕಟ್ ಒತ್ತದೆ, ಆಂಟಿವೈರಸ್ ಓಡಿಸಿ, ವಿಂಡೋಸಿನ ಅಟ್ರಿಬ್ (attrib) ಆಜ್ಞೆಯಿಂದ ಹಿಡನ್, ಸಿಸ್ಟಂ ಎಂಬ ಗುರುತು ತೆಗೆದರೆ ಮತ್ತೆ ಕಾಣಿಸುತ್ತವೆ.

ದುಡ್ಡು ಕೊಟ್ಟು ಮಾಡಿಸುವ ದಾರಿಯನ್ನೂ ವಿಚಾರಿಸಿದೆ, ಅದು ಬೇರೊಂದು ಪೆನ್‌ಡ್ರೈವಿಗಾಗಿ. ಉಗುರಿನಷ್ಟು ಚಿಕ್ಕದು, ಹಾಕಿದರೆ 'ನೋ ಮೀಡಿಯಾ' ಅಂತ ತೋರಿಸುತ್ತದೆ. ಹೀಗಾದಾಗ ಯಾವ ಸಾಫ್ಟ್‌ವೇರೂ ಸಮ, ಎಲ್ಲವೂ ಸೊನ್ನೆ. ಮೆಮೊರಿಯನ್ನು ನಡೆಸುವ ಚಿಪ್ಪಾದ ಒಳಗಿನ ಕಂಟ್ರೋಲರಿಗೇ ಮೆಮೊರಿ ಸಿಗುತ್ತಿಲ್ಲ ಅಂದಮೇಲೆ ಸಾಫ್ಟ್‌ವೇರ್ ಏನನ್ನು ಓದುತ್ತದೆ? ದೊಡ್ಡ ಪೆನ್‌ಡ್ರೈವಿನ ಪಿನ್ ಬೆಸುಗೆ ಬಿಟ್ಟಿದ್ದರೆ ಮೊಬೈಲ್ ರಿಪೇರಿಯವರೂ ಜೋಡಿಸಿಕೊಡಬಲ್ಲರು, ಯುಎಸ್‌ಬಿ 2ರಲ್ಲಿ ಇರುವುದು ನಾಲ್ಕೇ ತಂತಿ. ಆದರೆ ಈ ಚಿಕ್ಕದರಲ್ಲಿ ಕಂಟ್ರೋಲರ್, ಮೆಮೊರಿ ಎರಡೂ ಒಂದೇ ಅಚ್ಚಿನೊಳಗೆ. ಮೇಲ್ಪದರ ಕೆರೆದು, ಕೂದಲಿನಂಥ ತಂತಿಗಳನ್ನು ಬೆಸೆದು ಓದಬೇಕು. ಆಮೇಲೆ ಕಂಟ್ರೋಲರ್ ಕಲಸಿಟ್ಟ ಡೇಟಾವನ್ನು ಬಿಡಿಸಬೇಕು. ಬೆಂಗಳೂರಿನ ಒಂದು ಲ್ಯಾಬಿನವರು 12,000 ರೂಪಾಯಿ ಹೇಳಿದರು, ಡೇಟಾ ಸಿಗದಿದ್ದರೆ ದುಡ್ಡು ಬೇಡ ಅಂದರು. ಕೆಲಸ ನೋಡಿದರೆ ಆ ದುಡ್ಡು ಜಾಸ್ತಿ ಅನಿಸಲಿಲ್ಲ. ಅದರಲ್ಲಿದ್ದದ್ದು ಬೇರೆ ಕಡೆ ಸಿಗುವಂಥದ್ದು, ಹಾಗಾಗಿ ಕೊಡಲಿಲ್ಲ. ಅಜ್ಜಿಯ ಪದಗಳು ಅದರಲ್ಲಿದ್ದಿದ್ದರೆ ಮರುಮಾತಾಡದೆ ಕೊಡುತ್ತಿದ್ದೆ.

ಒಟ್ಟು 38 ಹಾಡು ಸಿಕ್ಕವು. ಉಳಿದ ಮೂರು ಕೆಟ್ಟ ಸೆಕ್ಟರುಗಳಲ್ಲೇ ಹೋದವು. ಅಜ್ಜಿ ಹಾಡುವಾಗ ಜೊತೆಗೆ ಸೊಲ್ಲೆತ್ತುತ್ತಿದ್ದವರು ದೊಡ್ಡಮ್ಮ. ಕಳೆದ ವಾರ ಅವರ ಮನೆಗೆ ಹೋಗಿ ಕೇಳಿದೆ. ಎರಡು ಪದ ಅವರಿಗೆ ಪೂರ್ತಿ ನೆನಪಿತ್ತು, ಅಲ್ಲೇ ರೆಕಾರ್ಡ್ ಮಾಡಿಕೊಂಡೆ. ಮೂರನೆಯದು ನೆನಪಾಗಲಿಲ್ಲ. ಹುಡುಕಿ ತೆಗೆದ ನುಡಿ ಫೈಲಿನಲ್ಲಿ ಅದರ ಮೊದಲ ನಾಲ್ಕು ಸಾಲಿತ್ತು. ಓದಿ ಹೇಳಿದೆ. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಐದನೇ ಸಾಲು ಎತ್ತಿಕೊಂಡರು.