ಝೋನ್, ಡ್ರಾಪ್, ಸ್ವಿಚ್: ಮೂರನ್ನೂ ಆಡಿಸಿ ನೋಡಿದ ಮೇಲೆ

ಬ್ಯಾಸ್ಕೆಟ್‌ಬಾಲ್‌ನಲ್ಲಿ ಎದುರಾಳಿಯನ್ನು ತಡೆಯುವ ಮೂರು ಬಗೆಯ ಡಿಫೆನ್ಸ್ ಇವು. ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಸ್ವಿಚ್. ಉಳಿದ ಎರಡು ಡಿಫೆನ್ಸನ್ನೂ ಮನಸ್ಸಿಟ್ಟು ಆಡಿಸಿದ್ದೇನೆ. ಆದರೂ ಈಗ ಯಾರಾದರೂ ಕೇಳಿದರೆ ನನ್ನ ಬಾಯಿಂದ ಬರುವುದು ಅದೊಂದೇ ಹೆಸರು. ಇದಕ್ಕೆ ಕಾರಣ ಬೀದರ್‌ನಲ್ಲಿ ನಡೆದ ಒಂದು ಪಂದ್ಯ.

ಕಳೆದ ಡಿಸೆಂಬರ್‌ನಲ್ಲಿ ನಮ್ಮ ಕಲಬುರಗಿ ಹುಡುಗರನ್ನು ಕರೆದುಕೊಂಡು ಅಲ್ಲಿಗೆ ಆಡಲು ಹೋಗಿದ್ದೆ. ಎಂಟು ಜನ ಆಟಗಾರರು, ನಸುಕಿನ ಬಸ್ಸು, ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಮೊದಲ ಪಂದ್ಯದಲ್ಲೇ 81-64ರಿಂದ ಸೋತೆವು. ವಾಪಸ್ ಬರುವಾಗ ಹುಮನಾಬಾದ್ ದಾಟಿದರೂ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ನಾನು ಸ್ಕೋರ್ ಬರೆದ ನೋಟ್‌ಬುಕ್ ತೆಗೆದು ಎಣಿಸಿದೆ. ಅವರು ಹಾಕಿದ ಥ್ರೀ ಪಾಯಿಂಟರ್ (ದೂರದ ಗೆರೆಯಾಚೆಯಿಂದ ಹಾಕುವ ಮೂರಂಕದ ಎಸೆತ) 12. ಅದರಲ್ಲಿ 8 ಮೂಲೆಯಿಂದ ಬಂದವು. ಆ ಎಂಟರಲ್ಲಿ ಒಂದಕ್ಕೂ ನಮ್ಮ ಹುಡುಗನ ಕೈ ಅಡ್ಡ ಬಂದಿರಲಿಲ್ಲ.

ಆವತ್ತು ನಾವು ಆಡಿದ್ದು 2-3 ಝೋನ್. ಇಬ್ಬರು ಮುಂದೆ, ಮೂವರು ಹಿಂದೆ ಬುಟ್ಟಿಯ ಹತ್ತಿರ.

ನಾನು ತೊಗರಿ ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಹಾಗಾಗಿ ಎಲ್ಲಕ್ಕೂ ಲೆಕ್ಕ ಹಾಕುವುದು ರೂಢಿ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ 2003-04ರಲ್ಲಿ ಒಂದು ತಂಡ ಪಂದ್ಯಕ್ಕೆ ಸರಾಸರಿ 93 ಅಂಕ ಗಳಿಸುತ್ತಿತ್ತು. 2023-24ಕ್ಕೆ ಅದು 114 ಆಯಿತು. ಪಂದ್ಯಕ್ಕೆ 15ರ ಹತ್ತಿರ ಇದ್ದ ಥ್ರೀ ಪಾಯಿಂಟ್ ಎಸೆತ 35 ದಾಟಿತು. 2024ರ ಜನವರಿಯಲ್ಲಿ, ಆಗ ಡಲ್ಲಾಸ್ ತಂಡದಲ್ಲಿದ್ದ ಲೂಕಾ ಡಾಂಚಿಚ್ ಒಬ್ಬನೇ ಒಂದು ಪಂದ್ಯದಲ್ಲಿ 73 ಹೊಡೆದ. 100 ಸಲ ಎಸೆದು 36 ಥ್ರೀ ಬಿದ್ದರೆ 108 ಅಂಕ. ಅದೇ, ಗೆರೆಯ ಒಳಗೆ ನಿಂತು ದೂರದಿಂದ ಎಸೆಯುವ ಎರಡಂಕದ ಎಸೆತ 100ಕ್ಕೆ 42 ಬಿದ್ದರೂ 84 ಅಷ್ಟೇ. ಈ ಲೆಕ್ಕ ಅಮೆರಿಕದಲ್ಲೇ ಉಳಿದಿಲ್ಲ. ಬೆಳಗ್ಗೆ ಆರಕ್ಕೆ ಮೊಬೈಲ್‌ನಲ್ಲಿ ಪಂದ್ಯ ನೋಡುವ ನಮ್ಮ ಭಾಗದ ಹುಡುಗರು ಸಂಜೆ ಅದನ್ನೇ ಆಡುತ್ತಾರೆ. ಡಿಫೆನ್ಸ್ ಮಾತ್ರ ಹಳೆಯದೇ ಇದ್ದರೆ ಹೇಗೆ, ಅಲ್ವಾ?

ಝೋನ್ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಕಲಿಸುವುದು ಬಹಳ ಸುಲಭ. ಪ್ರತಿಯೊಬ್ಬನಿಗೂ ಒಂದು ಜಾಗ ತೋರಿಸಿ, ಅಲ್ಲಿಗೆ ಬಂದವನನ್ನು ಹಿಡಿ ಅಂದರೆ ಆಯಿತು. ಎರಡು ಸಂಜೆಯಲ್ಲಿ ತಂಡ ತಯಾರು. ಎನ್‌ಬಿಎಯಲ್ಲಿ 2001-02ಕ್ಕೆ ಮುಂಚೆ ಝೋನ್‌ಗೆ ಅವಕಾಶವೇ ಇರಲಿಲ್ಲ. ಬಿಟ್ಟಾಗಲೂ ಯಾರನ್ನೂ ಹಿಡಿಯದೆ ಬುಟ್ಟಿಯ ಕೆಳಗೆ ಮೂರು ಸೆಕೆಂಡ್‌ಗಿಂತ ಜಾಸ್ತಿ ನಿಲ್ಲಬಾರದು ಅಂತ ಕಟ್ಟು ಹಾಕಿದರು. ನಾವು ಆಡುವ ಫಿಬಾ (ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದಲ್ಲಿ ಡಿಫೆನ್ಸ್‌ಗೆ ಆ ಕಟ್ಟಿಲ್ಲ. ಎತ್ತರದ ಹುಡುಗನನ್ನು ಸುಮ್ನೆ ಒಳಗೆ ನಿಲ್ಲಿಸಿಬಿಡಬಹುದು. ನಾನು ಅದಕ್ಕೇ ಮರುಳಾಗಿದ್ದು.

ಆದರೆ ಮೂಲೆ ಖಾಲಿ ಬೀಳುತ್ತದೆ. ಚೆಂಡು ಒಂದು ಬದಿಯಿಂದ ಇನ್ನೊಂದು ಬದಿಗೆ ಎರಡು ಪಾಸ್‌ನಲ್ಲಿ ಹೋಗುತ್ತದೆ. ನಮ್ಮ ಹುಡುಗ ಬುಟ್ಟಿಯ ಹತ್ತಿರದಿಂದ ಮೂಲೆಗೆ ಓಡುವಷ್ಟರಲ್ಲಿ ಎಸೆತ ಆಗಿರುತ್ತದೆ. ಫಿಬಾದ ಥ್ರೀ ಪಾಯಿಂಟ್ ಗೆರೆ ಎದುರಿನಿಂದ 6.75 ಮೀಟರ್, ಮೂಲೆಯಲ್ಲಿ 6.60. ಅಲ್ಲಿಂದ ದಿನಾ ನೂರು ಸಲ ಎಸೆದು ಕೈ ಕುದುರಿದವನನ್ನು ಒಂಟಿ ಬಿಟ್ಟರೆ ಉಳಿಗಾಲವಿಲ್ಲ.

ಜನವರಿಯಲ್ಲಿ ಡ್ರಾಪ್ ಶುರು ಮಾಡಿದೆ. ಎದುರಾಳಿಯ ಒಬ್ಬ ಬಂದು, ಚೆಂಡು ಆಡಿಸುವವನನ್ನು ಹಿಡಿದಿರುವ ನಮ್ಮ ಗಾರ್ಡ್‌ನ ದಾರಿಗೆ ಕಂಬದ ಹಾಗೆ ನಿಲ್ಲುತ್ತಾನೆ. ಅದಕ್ಕೆ ಸ್ಕ್ರೀನ್ ಅನ್ನುತ್ತೇವೆ. ಡ್ರಾಪ್‌ನಲ್ಲಿ ನಮ್ಮ ಎತ್ತರದವನು ಮುಂದೆ ಬರುವುದಿಲ್ಲ. ಹಿಂದೆ ಸರಿದು ಬುಟ್ಟಿ ಕಾಯುತ್ತಾನೆ. ಗಾರ್ಡ್ ಆ ಕಂಬವನ್ನು ಸುತ್ತಿಕೊಂಡು ಚೆಂಡಿನ ಹಿಂದೆ ಬೀಳುತ್ತಾನೆ. ಉಳಿದ ಮೂವರು ತಮ್ಮ ತಮ್ಮ ಆಟಗಾರನ ಬಳಿಯೇ ಇರುತ್ತಾರೆ, ಮೂಲೆ ಖಾಲಿ ಬೀಳುವುದಿಲ್ಲ. ಎನ್‌ಬಿಎಯಲ್ಲಿ ಎತ್ತರದ ಆಟಗಾರ ರೂಡಿ ಗೊಬೇರ್ ಇದನ್ನೇ ಆಡಿ ನಾಲ್ಕು ಸಲ ವರ್ಷದ ಅತ್ಯುತ್ತಮ ಡಿಫೆಂಡರ್ ಆದ. ಆಟ ನೋಡಲು ಚೆನ್ನ. ನಮಗೆ ಹೊಂದಲಿಲ್ಲ.

ನಮ್ಮಲ್ಲಿ ಆರಡಿ ದಾಟಿದ ಹುಡುಗ ಒಬ್ಬನೇ. ಅವನು ಪರೀಕ್ಷೆಯ ತಯಾರಿಗೆ ಅಂತ ತಿಂಗಳಲ್ಲಿ ಎರಡು ವಾರ ಹೈದರಾಬಾದ್‌ನಲ್ಲಿರುತ್ತಾನೆ. ಅವನಿಲ್ಲದ ದಿನ ಡ್ರಾಪ್ ಇಲ್ಲ. ಗಾರ್ಡ್‌ಗಳಿಗೂ ಕಷ್ಟ. ಮರದ ನೆಲದ ಮೇಲೆ ಸ್ಕ್ರೀನ್‌ಗೆ ಗುದ್ದಿ ಬೀಳುವುದು ಬೇರೆ, ನಮ್ಮ ಸಿಮೆಂಟ್ ಕೋರ್ಟಿನ ಮೇಲೆ ಬೀಳುವುದು ಬೇರೆ. ಒಂದೇ ತಿಂಗಳಲ್ಲಿ ಮೂರು ಜೊತೆ ನೀ ಕ್ಯಾಪ್ ಹರಿದವು. ಆ ದುಡ್ಡಿನಲ್ಲಿ ಒಂದು ಹೊಸ ಚೆಂಡು ಬರುತ್ತಿತ್ತು.

ಸ್ವಿಚ್ ಹೇಳಲು ಸುಲಭ. ಸ್ಕ್ರೀನ್ ಬಂದ ಕೂಡಲೇ ಇಬ್ಬರೂ ತಮ್ಮ ಆಟಗಾರರನ್ನು ಬದಲಾಯಿಸಿಕೊಳ್ಳಬೇಕು. ಯಾರೂ ಯಾರ ಹಿಂದೆಯೂ ಓಡಬೇಕಾಗಿಲ್ಲ. ಚೆಂಡಿನ ಎದುರು ಯಾವಾಗಲೂ ಒಬ್ಬ ಇರುತ್ತಾನೆ, ಮೂಲೆಯಲ್ಲೂ ಒಬ್ಬ ಇರುತ್ತಾನೆ. ನನ್ನ ಹುಡುಗರಲ್ಲಿ ಆರು ಜನ ಹೆಚ್ಚುಕಡಿಮೆ ಒಂದೇ ಎತ್ತರ. ಇದು ಅವರಿಗೇ ಅಳತೆ ತೆಗೆದು ಹೊಲಿದ ಹಾಗಿದೆ ಅನ್ನಿಸಿತು.

2024ರ ಎನ್‌ಬಿಎ ಫೈನಲ್ಸ್‌ನಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಡಲ್ಲಾಸ್ ವಿರುದ್ಧ ಸ್ವಿಚ್ ಮಾಡುತ್ತಾ ಆಡಿದ್ದು ನನ್ನ ಕಣ್ಣಿಗೆ ಇನ್ನೂ ಕಟ್ಟಿದೆ. ಡಾಂಚಿಚ್ ಒಬ್ಬನೇ ಆಡಿ ಗಳಿಸಿದರೆ ಗಳಿಸಲಿ, ಅವನ ಪಾಸ್‌ನಿಂದ ಮೂಲೆಯ ಥ್ರೀ ಮತ್ತು ಬುಟ್ಟಿಯ ಮೇಲೆ ಎತ್ತಿ ಹಾಕುವ ಲಾಬ್ ಪಾಸ್ ಸಿಗಬಾರದು ಅನ್ನುವ ಹಟ. ಅವನ ಅಂಕಗಳು ಬಂದವು. ಉಳಿದವರ ಕೈಗೆ ಚೆಂಡೇ ಸರಿಯಾಗಿ ಹೋಗಲಿಲ್ಲ. ಬಾಸ್ಟನ್ 4-1ರಿಂದ ಗೆದ್ದಿತು.

ಈಗ ನನ್ನನ್ನು ಮೂರು ವಾರ ಕಾಡಿದ ತೊಡಕಿಗೆ ಬರುತ್ತೇನೆ. ಸ್ವಿಚ್ ನಡೆಯುವುದು ಬಾಯಿಯಿಂದ. ಹಿಂದಿರುವವನು ಕೂಗಿ ಹೇಳಬೇಕು, ಮುಂದಿರುವವನು ಕೇಳಿದ ಕ್ಷಣವೇ ಬಿಟ್ಟುಕೊಡಬೇಕು. ಎಲ್ಲಾ ಕಡೆ ಬಳಸುವ ಹಾಗೆ ನಾನೂ 'ಸ್ವಿಚ್', 'ಸ್ಟೇ' ಎಂಬ ಎರಡು ಕೂಗು ಕಲಿಸಿದೆ. ಮೊದಲ ವಾರ ಗೊಂದಲವೋ ಗೊಂದಲ. ಇಬ್ಬರೂ ಒಬ್ಬನನ್ನೇ ಹಿಡಿಯುತ್ತಾರೆ, ಇನ್ನೊಬ್ಬ ಆರಾಮಾಗಿ ಬುಟ್ಟಿಗೆ ಹೋಗುತ್ತಾನೆ. ಹುಡುಗರ ಗಮನ ಕಡಿಮೆ ಅಂದುಕೊಂಡು ಬೈದೆ. ಒಂದು ಸಂಜೆ ನಾನೇ ಗಾರ್ಡ್ ಜಾಗದಲ್ಲಿ ನಿಂತು ಆಡಿದೆ. ಆಗ ಗೊತ್ತಾಯಿತು. ಪಕ್ಕದ ಜೇವರ್ಗಿ ರಸ್ತೆಯ ಹಾರ್ನ್ ನಡುವೆ ಕಿವಿಗೆ ಬೀಳುವುದು ಬರೀ 'ಸ್' ಅನ್ನುವ ಸದ್ದು. ಮುಂದಿನದು ಕೇಳುವುದೇ ಇಲ್ಲ. ತಪ್ಪು ಅವರದಲ್ಲ, ನಾನು ಕೊಟ್ಟ ಪದಗಳದು.

ಮರುದಿನ 'ನಂದು', 'ನಿಂದು' ಮಾಡಿದೆ. ಅದು ಇನ್ನೂ ಕೆಟ್ಟಿತು. ಎರಡರ ನಡುವೆ ಇರುವುದು ಒಂದು ಇಕಾರದ ವ್ಯತ್ಯಾಸ. ಓಡುತ್ತಾ ಕೂಗಿದರೆ ಎರಡೂ ಒಂದೇ. 'ಹಿಡಿ', 'ಬಿಡು' ಕೂಡ ನೋಡಿದೆವು, ಒಂದೇ ಸಂಜೆಗೆ ಕೈಬಿಟ್ಟೆವು. ಕೊನೆಗೆ ನಮ್ಮ ಗಾರ್ಡ್ ಹುಡುಗನೇ ಕೇಳಿದ: "ಸರ, ಮನ್ಯಾಗ ಕರ್ದಂಗ ಕರದ್ರ ಆಗಂಗಿಲ್ಲೇನ್ರಿ?" ಹಾಗೆ ಬಂದವು 'ತಗೋ' ಮತ್ತು 'ಬ್ಯಾಡ'. 'ತಗೋ' ಅಂದರೆ ಬದಲಾಯಿಸು. 'ಬ್ಯಾಡ' ಅಂದರೆ ನಿನ್ನವನ ಜೊತೆಯೇ ಇರು. ಒಂದರ ಕೊನೆ ಎಳೆದು ಕೂಗಬಹುದು, ಇನ್ನೊಂದು ಬಡಿದ ಹಾಗೆ ಕೇಳಿಸುತ್ತದೆ. ಬೆನ್ನು ತಿರುಗಿಸಿ ನಿಂತವನಿಗೂ ಗೊತ್ತಾಗುತ್ತದೆ.

ಅಷ್ಟಾದರೂ ಇಬ್ಬರು ಹುಡುಗರು ಬಾಯಿ ಬಿಡುತ್ತಿರಲಿಲ್ಲ. ಒಬ್ಬ ಹನ್ನೊಂದನೆಯ ತರಗತಿ, ದೊಡ್ಡವರಿಗೆ 'ತಗೋ' ಅನ್ನಲು ಅವನಿಗೆ ಸಂಕೋಚ. 'ತಗೋರಿ' ಅನ್ನುತ್ತಿದ್ದ! ಅಷ್ಟು ಹೊತ್ತಿಗೆ ಎದುರಾಳಿ ದಾಟಿರುತ್ತಿದ್ದ. ಕೋರ್ಟಿನ ಗೆರೆಯೊಳಗೆ ಅಣ್ಣ ಇಲ್ಲ, ತಮ್ಮ ಇಲ್ಲ ಅಂತ ದೊಡ್ಡ ಹುಡುಗರೇ ಅವನನ್ನು ಕೂರಿಸಿಕೊಂಡು ಹೇಳಿದರು. ಈಗ ಇಡೀ ತಂಡದಲ್ಲಿ ಜೋರಾದ ದನಿ ಅವನದೇ.

ಸ್ವಿಚ್‌ಗೂ ದೋಷವಿದೆ. 2024ರ ಮೇ ತಿಂಗಳಲ್ಲಿ, ಫೈನಲ್ಸ್‌ಗೆ ಮುಂಚಿನ ಸುತ್ತಿನಲ್ಲಿ, ಸ್ವಿಚ್ ಆಗಿ ಗೊಬೇರ್‌ನೇ ಡಾಂಚಿಚ್ ಎದುರು ಒಂಟಿಯಾಗಿ ಸಿಕ್ಕ. ಡಾಂಚಿಚ್ ಹಿಂದೆ ಹೆಜ್ಜೆ ಇಟ್ಟು ಥ್ರೀ ಹಾಕಿದ. ಡಲ್ಲಾಸ್ 109-108. ಅಷ್ಟು ದೊಡ್ಡ ಡಿಫೆಂಡರ್‌ಗೇ ಹಾಗಾಯಿತು. ನಮ್ಮಲ್ಲಿ ಇದರ ಉಲ್ಟಾ ಆಗುತ್ತದೆ. ಗಿಡ್ಡ ಗಾರ್ಡ್ ಬುಟ್ಟಿಯ ಕೆಳಗೆ ಎತ್ತರದವನಿಗೆ ಸಿಕ್ಕಿಬೀಳುತ್ತಾನೆ. ಅದಕ್ಕೆ ಹಿಂದೆ ನಿಲ್ಲದೆ ಮುಂದೆ ನಿಲ್ಲು, ಪಾಸ್ ಬರಲು ಬಿಡಬೇಡ ಅಂತ ಕಲಿಸಿದ್ದೇನೆ. ಹತ್ತರಲ್ಲಿ ಆರು ಸಲ ನಡೆಯುತ್ತದೆ.

ಪೂರ್ತಿ ಕೋರ್ಟ್ ಒತ್ತಡ ಹಾಕುವ ಆಟವನ್ನೂ ಒಂದು ವಾರ ನೋಡಿದೆವು. 2025ರಲ್ಲಿ ಒಕ್ಲಹೋಮ ಸಿಟಿ ಥಂಡರ್ ಎದುರಾಳಿಯ ಕೈಯಿಂದ ಚೆಂಡು ಕಸಿಯುತ್ತಲೇ ಚಾಂಪಿಯನ್ ಆದದ್ದನ್ನು ನೋಡಿ ಎಲ್ಲರಿಗೂ ಹುರುಪು ಬಂದಿತ್ತು. ಎಂಟು ಜನ ಇಟ್ಟುಕೊಂಡು, ಹಗಲೆಲ್ಲ 42 ಡಿಗ್ರಿ ಕಾದ ಸಿಮೆಂಟಿನ ಮೇಲೆ, ಏಪ್ರಿಲ್‌ನಲ್ಲಿ ಅದು ಆಗದ ಮಾತು.

ಬಾಕ್ಸ್ ಅಂಡ್ ಒನ್ (ನಾಲ್ವರು ಚೌಕವಾಗಿ ನಿಂತು ಜಾಗ ಕಾಯುವುದು, ಒಬ್ಬ ಎದುರಾಳಿಯ ಮುಖ್ಯ ಆಟಗಾರನ ಬೆನ್ನು ಹತ್ತುವುದು) ಇಟ್ಟುಕೊಂಡಿದ್ದೇನೆ, ಕೊನೆಯ ಎರಡು ನಿಮಿಷಕ್ಕೆ ಮಾತ್ರ.

ನಿಮ್ಮ ತಂಡದಲ್ಲಿ ತಪ್ಪದೆ ಬರುವ ಆರಡಿ ಮೂರಂಗುಲದ ಹುಡುಗನಿದ್ದರೆ ಡ್ರಾಪ್ ತಗೊಳ್ಳಿ, ನಾನು ಬೇಡ ಅನ್ನುವುದಿಲ್ಲ. ವಾರಕ್ಕೆ ಒಂದೇ ದಿನ ಸೇರುವವರಾದರೆ ಝೋನ್ ಬಿಟ್ಟು ಬೇರೆ ದಾರಿಯಿಲ್ಲ. ಒಬ್ಬನನ್ನು ಸದಾ ಮೂಲೆಯ ಹತ್ತಿರ ನಿಲ್ಲಿಸಿ. ನಮಗೆ ಸಿಗುವುದು ವಾರಕ್ಕೆ ಮೂರು ಸಂಜೆ, ಒಂದೂವರೆ ಗಂಟೆ, ಅರ್ಧ ಕೋರ್ಟಿಗೆ ಬೆಳಕು. ಅರ್ಧ ಕೋರ್ಟಿನಲ್ಲಿ ನಾಲ್ವರ ಎದುರು ನಾಲ್ವರು ನಿಂತು 'ತಗೋ', 'ಬ್ಯಾಡ' ಆಡಲು ಅಷ್ಟು ಸಾಕು. ದುಡ್ಡು ಖರ್ಚಿಲ್ಲ. ಮಾರ್ಚ್‌ನಲ್ಲಿ ಯಾದಗಿರಿಯಲ್ಲಿ ಆಡಿದ ಪಂದ್ಯದಲ್ಲಿ ಎದುರಾಳಿಗೆ ಸಿಕ್ಕ ಥ್ರೀ 4. ಮೂಲೆಯಿಂದ ಒಂದೇ. ಆರು ಅಂಕದಿಂದ ಗೆದ್ದೆವು.

ಬೀದರ್‌ನ ಅದೇ ತಂಡ ಈ ನವೆಂಬರ್‌ನಲ್ಲಿ ನಮ್ಮ ಕೋರ್ಟಿಗೆ ಬರುತ್ತಿದೆ. ಆ ನೋಟ್‌ಬುಕ್ಕಿನ ಪುಟ ಹರಿದಿಲ್ಲ. ಎಂಟು ಮೂಲೆ ಎಸೆತಗಳ ಸುತ್ತ ಕೆಂಪು ಪೆನ್ನಿನಲ್ಲಿ ಗುಂಡಗೆ ಸುತ್ತಿಟ್ಟಿದ್ದೇನೆ. ಅಭ್ಯಾಸ ಶುರುವಾಗುವ ಮುಂಚೆ ಹುಡುಗರು ಅದನ್ನೊಮ್ಮೆ ತೆಗೆದು ನೋಡುತ್ತಾರೆ.