ಜಿಸಿ ಸರ್ವಿಸ್ ಮಾಡಿಸುವವರೇ, ಗ್ಯಾಸ್ ನೋಡದೆ ಓವನ್ ಬಿಸಿ ಮಾಡಲು ಬಿಡಬೇಡಿ

ಎಣ್ಣೆ ಪರೀಕ್ಷೆ ಮಾಡುವ ಲ್ಯಾಬ್‌ನವರಿಗೆ, ಅದರಲ್ಲೂ ನಮ್ಮ ಚಳ್ಳಕೆರೆ ಕಡೆಯವರಿಗೆ ಈ ಮಾತು. ಗ್ಯಾಸ್ ಕ್ರೊಮ್ಯಾಟೋಗ್ರಾಫ್ (ಜಿಸಿ, ಎಣ್ಣೆಯಲ್ಲಿ ಏನೇನಿದೆ ಅಂತ ಬಿಡಿಸಿ ತೋರಿಸುವ ಮೆಷಿನ್) ಸರ್ವಿಸ್‌ಗೆ ಬಂದವರು ಹೊರಡುವವರೆಗೂ ಯಾರಾದರೂ ಪಕ್ಕದಲ್ಲೇ ಇರಿ. ನಮ್ಮಲ್ಲಿ ಒಂದೇ ರಾತ್ರಿಗೆ ಕಾಲಮ್, ಅಂದರೆ ಓವನ್ ಒಳಗೆ ಸ್ಯಾಂಪಲ್ ಬೇರ್ಪಡುವ ಉದ್ದನೆಯ ಸಣ್ಣ ಕೊಳವೆ, ಹಾಳಾಯಿತು.

ವಾರ್ಷಿಕ ಕಾಂಟ್ರ್ಯಾಕ್ಟ್ ಮೇಲೆ ಬಂದ ಎಂಜಿನಿಯರ್ ಇಂಜೆಕ್ಟರ್ (ಸ್ಯಾಂಪಲ್ ಒಳಹಾಕುವ ಭಾಗ) ಬಿಚ್ಚಿದರು. ಅದರ ಗಾಜಿನ ಕೊಳವೆ, ಅಂದರೆ ಲೈನರ್ ಒಳಗಿನ ಗ್ಲಾಸ್ ವುಲ್ ಕಂದು ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಹಳೆ ಸೆಪ್ಟಮ್‌ನ (ಸೂಜಿ ಚುಚ್ಚುವ ರಬ್ಬರ್ ಬಿಲ್ಲೆ) ಚೂರುಗಳು, ಸಾಸಿವೆಗಿಂತ ಸಣ್ಣವು. ಗ್ರಾಫ್‌ನಲ್ಲಿ ಇಲ್ಲದ ಪೀಕ್‌ಗಳು (ಏರುಗಳು) ಕಾಣಿಸಿಕೊಳ್ಳೋದು ಇವುಗಳಿಂದಲೂ ಹೌದು. ಹೊಸ ಲೈನರ್, ಹೊಸ ಸೆಪ್ಟಮ್ ಹಾಕಿದರು. ಅಲ್ಲಿಯವರೆಗೆ ಸರಿ.

ಆಮೇಲೆ ಕಾಲಮ್ ಕ್ಲೀನ್ ಆಗಲಿ ಅಂತ ಓವನ್ 240 ಡಿಗ್ರಿಗೆ ಇಟ್ಟರು. "ಅಣ್ಣಾ, ನೈಟ್ರೋಜನ್ ಆನ್ ಮಾಡಿದ್ರಾ?" ಅಂತ ನಮ್ಮ ಹುಡುಗಿ ಕೇಳಿದಳಂತೆ. ಕಾಲಮ್ ಒಳಗೆ ಹರಿಯಬೇಕಾದ ಗ್ಯಾಸ್ ಅದೇ. "ಎಲ್ಲಾ ಆಗಿದೆ ಬಿಡಮ್ಮ, ಬಸ್ಸಿಗೆ ಲೇಟಾಗ್ತಿದೆ" ಅಂತ ಹೊರಟೇಬಿಟ್ಟರು. ಬೆಳಿಗ್ಗೆ ನೋಡಿದರೆ ನೈಟ್ರೋಜನ್ ಸಿಲಿಂಡರ್ ವಾಲ್ವ್ ಮುಚ್ಚಿದೆ, ಪ್ರೆಷರ್ ಸೊನ್ನೆ, ಸೆಪ್ಟಮ್ ನಟ್ ಕೈಯಲ್ಲೇ ತಿರುಗುತ್ತಿದೆ. ಓವನ್ ಮಾತ್ರ ಉರಿಯುತ್ತಲೇ ಇತ್ತು. ಗ್ಯಾಸ್ ನಿಂತರೆ ತಾನಾಗಿಯೇ ಆಫ್ ಆಗುವ ವ್ಯವಸ್ಥೆ ಹೊಸ ಮೆಷಿನ್‌ಗಳಲ್ಲಿದೆ, ನಮ್ಮ ಹಳೆಯದರಲ್ಲಿ ಇಲ್ಲ.

ನಮ್ಮದು ವ್ಯಾಕ್ಸ್ ಕಾಲಮ್, ಒಳಗೆ ಮೇಣದಂಥ ಲೇಪ ಇರುವಂಥದ್ದು. ಬಿಸಿಯಲ್ಲಿ ಗಾಳಿ ತಾಗಿದರೆ ಒಳಗಿನ ಲೇಪವನ್ನು ಆಮ್ಲಜನಕ ತಿಂದುಹಾಕುತ್ತದೆ. ಮತ್ತೆ ಸರಿಯಾಗಲ್ಲ. ತುದಿ ಕತ್ತರಿಸಿ ನೋಡಿದೆವು, ಉಪಯೋಗವಿಲ್ಲ. ಗ್ರಾಫ್‌ನ ತಳದ ಗೆರೆ, ಅಂದರೆ ಬೇಸ್‌ಲೈನ್ ಮೇಲೇರುತ್ತಲೇ ಇತ್ತು. ಶೇಂಗಾ ಎಣ್ಣೆಯಲ್ಲಿ ಕೊನೆಗೆ ಬರುವ ಬೆಹೆನಿಕ್, ಲಿಗ್ನೋಸೆರಿಕ್ ಆಮ್ಲಗಳ ಸಣ್ಣ ಪೀಕ್‌ಗಳು ಅದರಲ್ಲೇ ಮುಳುಗಿಹೋದವು. ಶೇಂಗಾ ಎಣ್ಣೆ ಹೌದೋ ಅಲ್ಲವೋ ಅಂತ ಹೇಳಲು ಅವೇ ತಾನೆ ಬೇಕು? ಮಿಲ್‌ನವರು ರಿಪೋರ್ಟ್‌ಗೆ ಫೋನ್ ಮೇಲೆ ಫೋನ್.

ಹಾಗಾಗಿ ಕಾಲಮ್ ಜೋಡಿಸುವಾಗ, ಡಿಟೆಕ್ಟರ್ (ಕಾಲಮ್‌ನಿಂದ ಹೊರಬಂದದ್ದನ್ನು ಅಳೆಯುವ ಭಾಗ) ಕಡೆಯ ತುದಿಯನ್ನು ಮೆಥನಾಲ್ ಬಾಟಲಿಯಲ್ಲಿ ಅದ್ದಿಸಿ ತೋರಿಸಿ ಅನ್ನಿ. ಗುಳ್ಳೆ ಬಂದರೆ ಗ್ಯಾಸ್ ಹರಿಯುತ್ತಿದೆ ಅಂತ. ಓವನ್ ತಣ್ಣಗಿರುವಾಗಲೇ ಕಾಲು ಗಂಟೆಯಾದರೂ ಗ್ಯಾಸ್ ಬಿಡಲಿ, ಒಳಗಿನ ಗಾಳಿ ಹೋಗಬೇಕು. ಲೀಕ್ ಹುಡುಕಲು ಸೋಪಿನ ನೀರು ಬೇಡ, ಸಂದಿಯಿಂದ ಒಳಗೆ ಸೇರುತ್ತದೆ. ಇನ್ನೊಂದು, ಇದು ಪ್ರಾಣದ ವಿಷಯ: ಕಾಲಮ್ ಬಿಚ್ಚುವ ಮೊದಲು ಡಿಟೆಕ್ಟರ್‌ನ ಜ್ವಾಲೆಗೆ ಬರುವ ಹೈಡ್ರೋಜನ್ ಬಂದ್ ಮಾಡಿಸಿ. ಇಲ್ಲದಿದ್ದರೆ ಅದು ಓವನ್ ಒಳಗೇ ತುಂಬಿಕೊಂಡು ಸಿಡಿಯಬಹುದು.

ಕಂಪನಿಯವರನ್ನು ಕೇಳಿದರೆ, "ಕಾಲಮ್ ಕಾಂಟ್ರ್ಯಾಕ್ಟ್‌ನಲ್ಲಿ ಬರಲ್ಲ, ಸರ್ವಿಸ್ ರಿಪೋರ್ಟ್‌ಗೆ ನಿಮ್ಮ ಆಫೀಸಿನವರೇ ಸಹಿ ಹಾಕಿದ್ದಾರಲ್ಲ" ಅಂದರು. ಸಹಿಗೆ ಮೊದಲು ಎಂಜಿನಿಯರ್ ಎದುರೇ ಸ್ಟ್ಯಾಂಡರ್ಡ್ (ಏನಿದೆ ಅಂತ ಮೊದಲೇ ಗೊತ್ತಿರುವ ಸ್ಯಾಂಪಲ್) ಒಂದು ಓಡಿಸಿ, ಹಳೆ ಗ್ರಾಫ್ ಪಕ್ಕ ಇಟ್ಟು ನೋಡಿ. ಬಸ್ ತಪ್ಪಿದರೆ ಮುಂದಿನದು ಸಿಗುತ್ತದೆ ಬಿಡಿ.